ಮಕ್ಕಳ ರಕ್ತದ ಮೇಲೆ ನಾನೆಳೆದ ಕೆಂಪು ಗೆರೆ

ನಿವೃತ್ತಿಯ ದಿನ ನನಗೂ ಒಂದು ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೈಗಿಟ್ಟು ಫೋಟೊ ತೆಗೆಸಿದರು. ಮಾತಾಡಿದವರೊಬ್ಬರು ಮೈಕಿನಲ್ಲಿ, “ಪದ್ಮಮ್ಮನವರ ಕೆಂಪು ಗೆರೆ ಅಂದರೆ ಈ ಜಿಲ್ಲೆಯ ಡಾಕ್ಟರುಗಳಿಗೆಲ್ಲ ಗೊತ್ತು, ಅಂಥ ಶ್ರದ್ಧೆ” ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ಬಗ್ಗಿಸಿಕೊಂಡು ಶಾಲಿನ ಅಂಚನ್ನೇ ನೋಡುತ್ತ ಕೂತೆ. ವಿನಯ ಅಂದುಕೊಂಡರು. ವಿನಯವೂ ಅಲ್ಲ, ಮಣ್ಣೂ ಅಲ್ಲ. ನಾಚಿಕೆ. ಲ್ಯಾಬಿನ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಬಂದು “ಅನುಭವ ಹೇಳಿ ಮೇಡಂ” ಅನ್ನುತ್ತಾರಲ್ಲ, ಅವರಿಗಾಗಿ ಆ ಗೆರೆಯ ಕಥೆಯನ್ನೇ ಬರೆಯುತ್ತಿದ್ದೇನೆ.

ಹಾಸನದ ಒಂದು ಆಸ್ಪತ್ರೆಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್ ಆಗಿದ್ದೆ. ಆಸ್ಪತ್ರೆಯ ಹೆಸರು ಬೇಡ, ಅದರ ಗೋಡೆಗಳು ಏನು ತಪ್ಪು ಮಾಡಿವೆ? ನಾನು ಸೇರಿದ ಕಾಲದಲ್ಲಿ ಸೀರಮ್ಮನ್ನು, ಅಂದರೆ ರಕ್ತ ಹೆಪ್ಪಾದಾಗ ಮೇಲೆ ನಿಲ್ಲುವ ತಿಳಿಯನ್ನು, ಗಾಜಿನ ಕೊಳವೆಯಲ್ಲಿ ಬಾಯಿಂದ ಹೀರಿ ಅಳೆಯುತ್ತಿದ್ದೆವು. ಈಗಿನವರಿಗೆ ಹೇಳಿದರೆ “ಥೂ” ಅನ್ನುತ್ತಾರೆ. ಒಂದೆರಡು ಸಲ ಬಾಯಿಗೇ ಬಂದಿದೆ. ಉಗಿದು, ಬಾಯಿ ಮುಕ್ಕಳಿಸಿ, ಮತ್ತೆ ಕೂತು ಅಳೆದಿದ್ದೇನೆ.

ಆಗ ನಮ್ಮ ಮೇಲಿದ್ದವರನ್ನು ಹಳೆಯ ಸಾಹೇಬರು ಅಂತಲೇ ಕರೆಯುತ್ತೇನೆ. ಮುಂಗೋಪಿ, ಆದರೆ ಕೆಲಸದಲ್ಲಿ ದೇವರಂಥವರು. ನಾನು ಹೊಸಬಳಾಗಿದ್ದಾಗ ಒಂದು ಎಳೆಗೂಸಿನ ಹಿಮ್ಮಡಿಗೆ ಚುಚ್ಚಿ, ರಕ್ತ ಸಾಲದೆ, ನಿಂಬೆಹಣ್ಣು ಹಿಂಡಿದ ಹಾಗೆ ಹಿಂಡಿಬಿಟ್ಟೆ. ಹಾಗೆ ಹಿಂಡಿದರೆ ರಕ್ತದ ಕಣ ಒಡೆದು ಪೊಟ್ಯಾಶಿಯಂ ಸುಳ್ಳುಸುಳ್ಳೇ ಏರುತ್ತದೆ. ಏರಿತು. ಮಗುವಿನ ಹೃದಯ ನಿಂತೀತು ಅಂತ ಮೇಲಿನ ವಾರ್ಡಿನಲ್ಲಿ ಡಾಕ್ಟರು ನರ್ಸುಗಳೆಲ್ಲ ಗಾಬರಿಬಿದ್ದು ಓಡಾಡಿದರು. ಸಾಹೇಬರು ನನ್ನನ್ನು ಕರೆದು, ನನ್ನ ಬೆರಳಿಗೇ ಚುಚ್ಚಿ, ಕಣ್ಣಲ್ಲಿ ನೀರು ಬರುವವರೆಗೆ ಹಿಂಡಿದರು. “ನೋವಾಯ್ತೇನಮ್ಮ? ಆ ಮಗೂಗೂ ಹೀಗೇ ಆಗಿದ್ದು. ಅದು ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ” ಅಂದರು. ನಾನು ಆ ದಿನ ಊಟ ಮಾಡಲಿಲ್ಲ.

ಅದಾದಮೇಲೆ ನನಗೆ ಕೆಲಸದ ಹುಚ್ಚು ಹಿಡಿಯಿತು. ಎರಡೆರಡು ಸಲ ನೋಡುತ್ತಿದ್ದೆ, ಪಕ್ಕದವರು ಮಾಡಿದ್ದನ್ನೂ ನೋಡುತ್ತಿದ್ದೆ, ಬೈಯುತ್ತಿದ್ದೆ. ಮೆಚ್ಚಿದ ಸಾಹೇಬರು ತಮ್ಮ ಜೇಬಿನಿಂದ ಒಂದು ಕೆಂಪು ಪೆನ್ನು ತೆಗೆದುಕೊಟ್ಟು, “ಮಿತಿ ಮೀರಿದ ಅಂಕಿ ಕಂಡರೆ ಕೆಳಗೊಂದು ಗೆರೆ ಹಾಕಮ್ಮ. ಡಾಕ್ಟರ ಕಣ್ಣಿಗೆ ಬೀಳಲೇಬೇಕು” ಅಂದರು. ಅಂದಿನಿಂದ ಶುರುವಾಯಿತು ಗೆರೆ. ಸ್ಕೇಲಿಟ್ಟು ಎಳೆಯುತ್ತಿದ್ದೆ. ಕಂಪ್ಯೂಟರ್ ಬಂದು, ಹೆಚ್ಚಿದ್ದ ಅಂಕಿಯ ಪಕ್ಕ ತಾನಾಗಿ ದಪ್ಪಕ್ಷರದಲ್ಲಿ ‘ಎಚ್’ ಬೀಳತೊಡಗಿದ ಮೇಲೂ ನಾನು ಗೆರೆ ಬಿಡಲಿಲ್ಲ. ಒಂದು ಬಗೆಯ ಕೊಬ್ಬು ಅನ್ನಿ. ಇಂಗ್ಲಿಷ್ ಓದಲು ಬಾರದ ಹಳ್ಳಿಯವರೂ ರಿಪೋರ್ಟನ್ನು ತಿರುವಿ ಕೆಂಪು ಕಾಣದಿದ್ದರೆ “ಸದ್ಯ, ಏನೂ ಇಲ್ಲ” ಅಂತ ನಗುತ್ತ ಹೋಗುತ್ತಿದ್ದರು. ಕೆಂಪು ಕಂಡರೆ ಮುಖ ಬಾಡುತ್ತಿತ್ತು.

ಮಿತಿ ಅಂದೆನಲ್ಲ, ಅದನ್ನು ಯಾರು ಹಾಕಿದ್ದು? ಈ ಪ್ರಶ್ನೆ ನನಗೆ ಎಷ್ಟೋ ವರ್ಷ ಹೊಳೆಯಲೇ ಇಲ್ಲ. ಪರೀಕ್ಷೆಗೆ ಬಳಸುವ ರಾಸಾಯನಿಕದ ಡಬ್ಬಿಯೊಳಗೆ ಮಡಿಚಿದ ಒಂದು ಚೀಟಿ ಇರುತ್ತಿತ್ತು. ಇಷ್ಟರಿಂದ ಇಷ್ಟರವರೆಗೆ ನಾರ್ಮಲ್ ಅಂತ ಅದರಲ್ಲಿ ಅಚ್ಚಾಗಿರುತ್ತಿತ್ತು. ಯಾವುದೋ ದೇಶದ ಯಾರೋ ದೊಡ್ಡವರ ರಕ್ತ ನೋಡಿ ಹಾಕಿದ ಅಂಕಿ. ನಾವು ಅದನ್ನೇ ಹುಟ್ಟಿ ಮೂರು ದಿನವಾದ ಕೂಸಿಗೂ ಹಾಕುತ್ತಿದ್ದೆವು, ಅದರ ಮುತ್ತಜ್ಜಿಗೂ ಹಾಕುತ್ತಿದ್ದೆವು. ಒಂದೇ ಒಂದು ಸಲ ಸಾಹೇಬರನ್ನು ಕೇಳಿದ್ದೆ: “ಸರ್, ಮಕ್ಕಳಿಗೂ ಇದೇನಾ?” ಅವರು ಮೈಕ್ರೋಸ್ಕೋಪಿನಿಂದ ತಲೆ ಎತ್ತದೆ, “ರಕ್ತ ರಕ್ತಾನೇ ಅಲ್ವೇನಮ್ಮ?” ಅಂದರು. ಹೌದಲ್ಲ ಅಂತ ನಾನೂ ಸುಮ್ಮನಾದೆ.

ಹಳೆಯ ಸಾಹೇಬರು ನಿವೃತ್ತರಾಗಿ ಹೋದರು. ಕೆಂಪು ಪೆನ್ನುಗಳು ಎಷ್ಟೋ ಮುಗಿದು ಹೊಸವು ಬಂದವು. ಆಗ ಬಂದವಳು ಸಿಂಚನ.

ಹೊಳೆನರಸೀಪುರ ದಾಟಿ ಹಳ್ಳಿಮೈಸೂರಿನ ಕಡೆಯ ಹುಡುಗಿ. ಆರನೇ ಕ್ಲಾಸು. ಜ್ವರ ಬಂದು ಬಿಟ್ಟಿತ್ತು, ಹೊಟ್ಟೆನೋವು ಅನ್ನುತ್ತಿದ್ದಳು, ಡಾಕ್ಟರು ಲಿವರಿನ ಪರೀಕ್ಷೆಗಳನ್ನೆಲ್ಲ ಬರೆದಿದ್ದರು. ತಾಯಿ ರತ್ನಮ್ಮ ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ನಾನು ತೋಳಿಗೆ ಪಟ್ಟಿ ಕಟ್ಟುವಾಗ ಒಂದೇ ಸಮನೆ ಮಾತಾಡುತ್ತಿದ್ದಳು. “ಏನ್ ಬೆಳಿತಾಳೋ ಕಾಣೆ ಮೇಡಮ್ಮೋರೆ, ಯುಗಾದೀಗೆ ಒಲಿಸಿದ್ ಲಂಗ ಗೌರಿಹಬ್ಬಕ್ಕೇ ಮೊಣಕಾಲಿಗೆ ಬಂದ್ಬುಡ್ತು. ಅಂಚು ಬಿಚ್ಚಿ ಬಿಚ್ಚಿ ಸಾಕಾಗೋಯ್ತು.” ನಾನು “ಹ್ಞೂಂ, ಕೈ ಅಲ್ಲಾಡಿಸಬೇಡ” ಅಂದೆ. ಬೇಕಾದ ಉತ್ತರವನ್ನೆಲ್ಲ ಆ ತಾಯಿ ನನ್ನ ಕಿವಿಯಲ್ಲಿ ಹೇಳಿಯಾಗಿತ್ತು. ನನಗೆ ಕೇಳಿಸಿದ್ದು ಬರೀ ಲಂಗದ ಸುದ್ದಿ.

ರಿಪೋರ್ಟು ಬಂದಾಗ ಸಂಜೆಯಾಗಿತ್ತು, ಡಾಕ್ಟರು ಎದ್ದು ಹೋಗಿದ್ದರು. ಎಲ್ಲ ಅಂಕಿಯೂ ಸರಿಯಿತ್ತು. ಎ.ಎಲ್.ಪಿ. ಅಂತ ಒಂದಿದೆ, ಲಿವರ್ ಪರೀಕ್ಷೆಯ ಸಾಲಿನಲ್ಲಿ ಬರುವ ಒಂದು ಕಿಣ್ವ, ಅದು ಮಾತ್ರ ಮಿತಿ ದಾಟಿ ಮೇಲೆ ಹೋಗಿತ್ತು. ಮೆಷಿನ್ನು ಎಚ್ ಹಾಕಿತ್ತು. ನಾನು ಸ್ಕೇಲಿಟ್ಟು ಗೆರೆ ಹಾಕಿದೆ.

ರತ್ನಮ್ಮ ಕಿಟಕಿಯಲ್ಲಿ ರಿಪೋರ್ಟು ಹಿಡಿದು, “ಇದೇನು ಮೇಡಮ್ಮೋರೆ ಕೆಂಪ್ಗೆ?” ಅಂದಳು. ಹಿಂದೆ ಜನ ನಿಂತಿದ್ದರು. “ಲಿವರ್‌ದು ಜಾಸ್ತಿ ಇದೆ. ನಾಳೆ ಬಂದು ಡಾಕ್ಟ್ರಿಗೆ ತೋರಿಸಿ” ಅಂದೆ. “ಕಾಮಾಲೆನಾ?” ಅಂದಳು. ಕಾಮಾಲೆಯಿದ್ದರೆ ಏರಬೇಕಾದದ್ದು ಬಿಲಿರುಬಿನ್. ಅದು ಸರಿಯಾಗಿದ್ದದ್ದು ನನ್ನ ಕಣ್ಣೆದುರಿಗೇ ಇತ್ತು. ‘ಅಲ್ಲ’ ಅನ್ನಬಹುದಿತ್ತು. “ಅದೆಲ್ಲ ಡಾಕ್ಟ್ರು ಹೇಳ್ತಾರೆ, ದಾರಿ ಬಿಡಿ” ಅಂದೆ. ಅವಳು ಮಗಳ ಕೈ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ಹೋದಳು. ಮಾರನೆ ದಿನ ಬಂದಳೋ ಇಲ್ಲವೋ ನಾನು ಕೇಳಲಿಲ್ಲ. ಮರೆತೇಬಿಟ್ಟೆ.

ಸ್ವಲ್ಪ ಕಾಲಕ್ಕೆ ನಮ್ಮ ಲ್ಯಾಬಿಗೆ ಡಾಕ್ಟರ್ ಶಾಲಿನಿ ಬಂದರು. ನನ್ನ ಮಗಳ ವಯಸ್ಸು. ಬಂದ ವಾರವೇ ಡಬ್ಬಿಯ ಚೀಟಿ ಬಿಚ್ಚಿ ಹಿಡಿದು, “ಪದ್ಮಮ್ಮ, ಈ ಮಿತಿ ನಮ್ಮ ಮಕ್ಕಳಿಗೆ ಒಪ್ಪುತ್ತೆ ಅಂತ ಯಾರು ಹೇಳಿದ್ದು?” ಅಂದರು. ಏನು ಹೇಳಲಿ, ಮೊದಲು ನನಗೆ ಸಿಟ್ಟೇ ಬಂತು. ಇಷ್ಟು ವರ್ಷ ಕೆಲಸ ಮಾಡಿದ ನಮಗೆ ನಿನ್ನೆ ಬಂದವಳು ಕಲಿಸುತ್ತಾಳೆ ಅಂತ ಒಳಗೇ ಮೂಗು ಮುರಿದೆ. ಆರೋಗ್ಯವಾಗಿರುವ ಮಕ್ಕಳ ರಕ್ತ ತೆಗೆದು, ವಯಸ್ಸಿಗೆ ತಕ್ಕಂತೆ, ಗಂಡು ಹೆಣ್ಣು ಬೇರೆ ಮಾಡಿ, ನಮ್ಮದೇ ಮಿತಿ ಕಟ್ಟೋಣ ಅಂದರು ಅವರು. ಬೇಕಾದ ಅನುಮತಿಗಳನ್ನೆಲ್ಲ ಓಡಾಡಿ ತಂದರು. ಹಾಸನದ ಶಾಲೆಗಳು ಮೊದಲು, ಆಮೇಲೆ ಅರಕಲಗೂಡು, ಚನ್ನರಾಯಪಟ್ಟಣ, ಕೊನೆಗೆ ಹೊಳೆನರಸೀಪುರದ ಕಡೆ.

ಕಾಯಿಲೆಯವರ ರಕ್ತ ತೆಗೆಯುವುದು ಸುಲಭ ಕಣ್ರಪ್ಪ, ತಾವಾಗಿ ಬಂದು ಕೈ ಚಾಚುತ್ತಾರೆ. ಚೆನ್ನಾಗಿರುವ ಮಗುವಿಗೆ ಸೂಜಿ ಚುಚ್ಚುತ್ತೇವೆ ಅಂದರೆ ಯಾರು ಬಿಡುತ್ತಾರೆ? ಅರಕಲಗೂಡಿನಲ್ಲಿ ಮಕ್ಕಳು ಏನೂ ತಿನ್ನದೆ ಬರಬೇಕು ಅಂತ ಮೊದಲೇ ಹೇಳಿಕಳಿಸಿದ್ದೆವು. ಬಂದವರೆಲ್ಲ “ಏನೂ ತಿಂದಿಲ್ಲ ಮಿಸ್” ಅಂತ ಒಂದೇ ರಾಗ. ಹಾಸನಕ್ಕೆ ತಂದು ಟ್ಯೂಬನ್ನು ಮೆಷಿನ್ನಿನಲ್ಲಿ ಗಿರ್ರನೆ ತಿರುಗಿಸಿದರೆ ಸೀರಮ್ಮು ಹಾಲಿನ ಹಾಗೆ ಬೆಳ್ಳಗೆ! ಬೆಣ್ಣೆ ಹಾಕಿದ ರೊಟ್ಟಿ ತಿನ್ನಿಸಿ ಕಳಿಸಿದ್ದಾರೆ ಮಹಾತಾಯಂದಿರು. ಮತ್ತೆ ಹೋಗಿ ಕೇಳಿದರೆ ಒಬ್ಬಾಕೆ ನನ್ನ ಮೇಲೇ ಏರಿ ಬಂದಳು: “ಖಾಲಿ ಒಟ್ಟೇಲಿ ರಕ್ತ ತಗುದ್ರೆ ಮಗೀಗೆ ಮೈಯಾಗೆ ಏನುಳಿತದೆ? ನಿಮ್ ಮಕ್ಕಳಾಗಿದ್ರೆ ಕಳಿಸ್ತಿದ್ರಾ?”

ಚನ್ನರಾಯಪಟ್ಟಣದಲ್ಲಿ ಇದೇನೋ ಪಂದ್ಯ ಅಂದುಕೊಂಡಿದ್ದರು. ಹೆಡ್ಮಾಸ್ಟರು ರ‍್ಯಾಂಕಿನ ಮಕ್ಕಳನ್ನೂ ಗುಂಡುಗುಂಡಗಿರುವ ಮಕ್ಕಳನ್ನೂ ಆರಿಸಿ ಸಾಲಾಗಿ ನಿಲ್ಲಿಸಿದ್ದರು. ವಾರದಿಂದ ಬೀಟ್‌ರೂಟು ತಿನ್ನಿಸಿದ್ದರಂತೆ. ತೋಟವಿರುವ ಮನೆಯ ಒಬ್ಬ ಯಜಮಾನರು ಜೀಪಿನ ಹತ್ತಿರ ಬಂದು, “ನಮ್ಮುಡ್ಗಂದು ಎಷ್ಟು ಬಂತು? ನಮ್ ಅಣ್ಣನ್ ಮಗನಿಗಿಂತ ಜಾಸ್ತಿ ತಾನೆ?” ಅಂತ ಗುಟ್ಟಾಗಿ ಕೇಳಿದರು. ನಾನು ನಕ್ಕೆ. ಡಾಕ್ಟರ್ ಶಾಲಿನಿ ನಗಲಿಲ್ಲ. ಅವರು ಸಾಲು ನೋಡಿ, “ಕಾಲೋನಿ ಮಕ್ಕಳು ಎಲ್ಲಿ ಸರ್?” ಅಂದರು. “ಅವು ಸಣಕಲು ಮೇಡಂ, ನಿಮಗೆ ಆರೋಗ್ಯ ಇರೋರು ಬೇಕಲ್ವಾ?” ಅಂದರು ಹೆಡ್ಮಾಸ್ಟರು. “ಸಣಕಲು ಅಂದ್ರೆ ಕಾಯಿಲೆ ಅಂತ ಯಾರು ಹೇಳಿದ್ದು? ಕರೀರಿ” ಅಂದರು. ಬಂದ ಮಕ್ಕಳು ಪಟಪಟ ಓಡಿ ಬಂದು ತೋಳು ಚಾಚಿದವು. ಆ ಸಾಲಿನಲ್ಲಿ ಯಾರಿಲ್ಲ ಅಂತ ನನಗೆ ಕಂಡೇ ಇರಲಿಲ್ಲ. ಆ ಹೊತ್ತು ಹೆಡ್ಮಾಸ್ಟರಿಗೂ ನನಗೂ ಏನೂ ವ್ಯತ್ಯಾಸವಿರಲಿಲ್ಲ.

ವಾಪಸು ಬರುವಾಗ ದಾರಿಯ ಒಂದು ಹೋಟೆಲಿನಲ್ಲಿ ತಿಂಡಿಗೆ ನಿಂತೆವು. ಐಸ್‌ಪೆಟ್ಟಿಗೆ ತೆಗೆದು ನೋಡಿದರೆ ಟ್ಯೂಬುಗಳ ಪಕ್ಕ ಮಜ್ಜಿಗೆ ಪ್ಯಾಕೆಟ್ಟುಗಳು! ಡ್ರೈವರಿಗೆ ಬಾಯಿಗೆ ಬಂದ ಹಾಗೆ ಬೈದೆ. “ಎರಡ್ಕೂ ತಣ್ಗಿರ್ಬೇಕಲ್ವಾ ಮೇಡಂ?” ಅಂದ ಅವನು, ಮುಗ್ಧನಾಗಿ. ಬೈಯುವುದರಲ್ಲಿ ನಾನು ಯಾವತ್ತೂ ಹಿಂದೆಬಿದ್ದವಳಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಹಾಸನದ ಶಾಲೆಗಳ ಮೊದಲ ಕಂತಿನ ರಕ್ತ ಮೆಷಿನ್ನಿಗೆ ಹಾಕಿದಾಗಲೇ ನಡೆದದ್ದು ಇದು. ಎ.ಎಲ್.ಪಿ. ಅಂಕಿಯ ಪಕ್ಕ ಎಚ್, ಎಚ್, ಎಚ್. ರಾಸಾಯನಿಕ ಕೆಟ್ಟಿದೆ ಅಂದುಕೊಂಡೆ, ಹೊಸ ಡಬ್ಬಿ ಒಡೆದೆ. ಮೆಷಿನ್ನು ಕೆಟ್ಟಿದೆ ಅಂದುಕೊಂಡೆ, ಉತ್ತರ ಗೊತ್ತಿರುವ ಸೀರಮ್ಮು ಹಾಕಿ ನೋಡಿದೆ, ಸರಿಯಾಗಿಯೇ ಇತ್ತು. ಕೊನೆಗೆ ಸ್ಕೇಲು ತೆಗೆದು ಎಲ್ಲಕ್ಕೂ ಕೆಂಪು ಗೆರೆ ಹಾಕಿ, ಏನೋ ಮಹಾ ಪತ್ತೆ ಮಾಡಿದವಳ ಹಾಗೆ ಡಾಕ್ಟರ್ ಶಾಲಿನಿಯ ಮೇಜಿನ ಮೇಲಿಟ್ಟು, “ಇಡೀ ಕ್ಲಾಸಿಗೇ ಲಿವರ್ ತೊಂದರೆ ಮೇಡಂ!” ಅಂದೆ.

ಅವರು ನೋಡಿ ನಕ್ಕುಬಿಟ್ಟರು. “ಇದು ಲಿವರಿಂದಲ್ಲ ಪದ್ಮಮ್ಮ. ಬೆಳೆಯೋ ಮೂಳೆಯಿಂದಲೂ ಇದು ರಕ್ತಕ್ಕೆ ಬರುತ್ತೆ. ಮಕ್ಕಳು ಉದ್ದ ಆಗೋ ವಯಸ್ಸಿನಲ್ಲಿ ದೊಡ್ಡವರ ಮಿತಿಗಿಂತ ಎಷ್ಟೋ ಮೇಲಿರುತ್ತೆ. ಹುಡುಗೀರಿಗೆ ಬೇಗ, ಹುಡುಗರಿಗೆ ಸ್ವಲ್ಪ ತಡ. ಬೆಳೆಯೋದು ನಿಂತ ಮೇಲೆ ತಾನಾಗೇ ಇಳಿಯುತ್ತೆ. ಅದನ್ನ ಅಳೆಯೋಕೇ ಅಲ್ವಾ ನಾವು ಹೊರಟಿರೋದು?” ಆಮೇಲೆ ಅವರ ನಗು ನಿಂತಿತು. “ಇಷ್ಟು ವರ್ಷ ಮಕ್ಕಳ ರಿಪೋರ್ಟಿಗೂ ಹೀಗೇ ಗೆರೆ ಹಾಕ್ತಿದ್ರಾ?”

“ತಿಳಿದ ಡಾಕ್ಟರು ಅದನ್ನ ನೋಡಿಯೂ ಬಿಟ್ಟುಬಿಡ್ತಾರೆ ಅಲ್ವಾ ಮೇಡಂ?” ಅಂದೆ. “ತಿಳಿದ ಡಾಕ್ಟರ ಕೈಗೆ ಸಿಕ್ಕರೆ ಬಿಡ್ತಾರೆ” ಅಂದರು ಅವರು. ಮನೆಗೆ ಹೋಗಿ ಕೂತು ಯಾರ್ಯಾರಿಗೆ ಗೆರೆ ಹಾಕಿದ್ದೆ ಅಂತ ನೆನಪು ಮಾಡಿಕೊಳ್ಳಲು ನೋಡಿದೆ. ಒಂದು ಮುಖವೂ ನೆನಪಾಗಲಿಲ್ಲ. ಅಷ್ಟು ಮುಖಗಳಲ್ಲಿ ಒಂದನ್ನಾದರೂ ನಾನು ಸರಿಯಾಗಿ ನೋಡಿರಲಿಲ್ಲ ಅನ್ನಿ.

ಹಳ್ಳಿಮೈಸೂರಿನ ಕಡೆಯ ಶಾಲೆಗೆ ಹೋದಾಗ ಅವರೆಕಾಯಿ ಕಾಲ. ಜಗುಲಿಯ ಮೇಲೆ ಮೇಜು ಹಾಕಿಕೊಂಡು ಕೂತಿದ್ದೆವು. ಒಂದು ಕಡೆ ತಾಯಂದಿರು ಒಪ್ಪಿಗೆಯ ರುಜು ಹಾಕಲು ನಿಂತಿದ್ದರು, ಇನ್ನೊಂದು ಕಡೆ ಮಕ್ಕಳು. ರಕ್ತ ತೆಗೆಯುವ ಮುಂಚೆ ಪ್ರತಿ ಮಗುವಿಗೂ ಕೆಲವು ಪ್ರಶ್ನೆ ಕೇಳಬೇಕು. ಹಿಂದೆ ದೊಡ್ಡ ಕಾಯಿಲೆ ಆಗಿದ್ದರೆ ಆ ಮಗು ಲೆಕ್ಕಕ್ಕೆ ಬರುವುದಿಲ್ಲ, ಅದು ನಿಯಮ. ಬೆಳ್ಳಗೆ ಹಲ್ಲುಬಿಟ್ಟು ನಗುತ್ತ ಒಬ್ಬಳು ಉದ್ದನೆಯ ಹುಡುಗಿ ಬಂದು ನಿಂತಳು. ಎಂಟನೇ ಕ್ಲಾಸು.

“ಹಿಂದೆ ಏನಾದ್ರೂ ಕಾಯಿಲೆ ಆಗಿತ್ತೇನಮ್ಮ?”

“ಕಾಮಾಲೆ ಆಗಿತ್ತು ಮೇಡಂ. ಲಿವರ್‌ದು.”

“ಹಾಗಾದ್ರೆ ನೀನು ಬೇಡ. ಹೋಗಿ ಕೂತ್ಕೋ.”

ಅವಳು ಹೋಗಲಿಲ್ಲ. “ಈಗ ಚೆನ್ನಾಗಿವ್ನಿ ಮೇಡಂ. ನೀವು ನೋಡಿ, ಚೆನ್ನಾಗವಳೆ ಅಂತ ಬರ್ಕೊಡಿ ಮೇಡಂ. ಪಿ.ಟಿ. ಸಾರು ಓಟಕ್ಕೆ ಸೇರಿಸ್ಕಳಕ್ಕಿಲ್ಲ ಅಂತಾರೆ. ಲಿವರ್ ಪೇಷೆಂಟು, ಓಡಿ ಬಿದ್ಗಿದ್ರೆ ಯಾರು ಜವಾಬ್ದಾರಿ ಅಂತಾರೆ. ನಾನು ಎಲ್ರಿಗಿಂತ ಜೋರಾಗಿ ಓಡ್ತೀನಿ ಮೇಡಂ, ಬೇಕಾದ್ರೆ ಕೇಳಿ ಇವ್ರನ್ನ.”

“ನಿಯಮ ಅಂದ್ರೆ ನಿಯಮ, ಸಾಲು ಬಿಡು” ಅಂದೆ. ಅದೇ ಗಂಟಲು, ಅದೇ ಮಾತು.

ಅಷ್ಟರಲ್ಲಿ ತಾಯಂದಿರ ಸಾಲಿನಿಂದ ಒಬ್ಬಳು, “ಅಯ್ಯೋ, ನೀವಾ ಮೇಡಮ್ಮೋರೆ!” ಅಂತ ಕೂಗಿಕೊಂಡು ಬಂದಳು. ಬಂದವಳೇ ನನ್ನ ಎರಡೂ ಕೈ ಹಿಡಿದುಕೊಂಡು ಉಳಿದವರ ಕಡೆ ತಿರುಗಿದಳು. “ಇವ್ರೇ ಕಣ್ರವ್ವ, ಆಸನ್ದಾಗೆ ಗೆರೆ ಎಳ್ದು ತೋರಿಸ್ದೋರು. ಲಿವರ್‌ದು ಜಾಸ್ತಿ ಅದೆ ಅಂತ ಅವತ್ತು ಇವ್ರು ಏಳ್ದೆ ಇದ್ದಿದ್ರೆ ನನ್ ಮಗು ಉಳೀತಿರ್ನಿಲ್ಲ.” ರತ್ನಮ್ಮ. ಲಂಗದ ಅಂಚು ಬಿಚ್ಚುತ್ತಿದ್ದ ರತ್ನಮ್ಮ. ಆಗ ನೆನಪಾಯಿತು ನನಗೆ.

ಮಗಳ ತೋಳು ಹಿಡಿದು ಅಂಗಿಯ ತೋಳನ್ನು ಮೇಲೆ ಸರಿಸಿದಳು. ಮೊಣಕೈ ಕೆಳಗೆ ಸಾಲಾಗಿ ಬರೆ ಎಳೆದ ಗುರುತು, ಚರ್ಮ ಮಿರಮಿರ ಹೊಳೆಯುತ್ತಿತ್ತು. “ಆಸ್ಪತ್ರೆಗೆ ಮತ್ತೆ ಬರ್ನಿಲ್ಲ ಮೇಡಮ್ಮೋರೆ, ಅತ್ತೆ ಬುಡ್ನಿಲ್ಲ. ನಮ್ಮೋರ ಊರ್ನಾಗೆ ಕಾಮಾಲೆಗೆ ಬರೆ ಆಕೋರು ಅವ್ರೆ. ಅಲ್ಲೇ ಆಕ್ಸಿದ್ವಿ. ಉಪ್ಪಿಲ್ಲ, ಎಣ್ಣೆಯಿಲ್ಲ, ಇಸ್ಕೂಲಿಲ್ಲ, ದೀಪಾವಳಿ ಕಳಿಯೋಗಂಟ ಪಥ್ಯ. ಕೂಗಾಡ್ಬುಟ್ಲು. ನಾನೇ ಗಟ್ಟಿಯಾಗಿ ಇಡ್ಕಂಡೆ. ಇವತ್ತು ನೋಡಿ ಎಂಗವಳೆ!”

ಭೂಮಿ ಬಾಯಿಬಿಡಬಾರದೇ ಅನ್ನುತ್ತಾರಲ್ಲ, ಹಾಗಾಯಿತು. ಅವಳ ಕೈಯೊಳಗಿಂದ ನನ್ನ ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ. ಇರದ ಕಾಯಿಲೆಗೆ ಸುಟ್ಟ ತೋಳನ್ನು ತೋರಿಸಿ ಆ ತಾಯಿ ನನಗೆ ಪುಣ್ಯ ಕಟ್ಟುತ್ತಿದ್ದಳು. ಸತ್ಯ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅಷ್ಟು ಜನರೆದುರು ಹೇಳಿದರೆ ಅವಳ ಗತಿ ಏನು ಅಂತ ನನಗೆ ನಾನೇ ನೆಪ ಹೇಳಿಕೊಂಡೆ. ನಿಜವಾಗಿ ನನ್ನ ಗತಿ ಏನು ಅಂತಲೇ ಹೆದರಿದ್ದು. ಡಾಕ್ಟರ್ ಶಾಲಿನಿ ಪಕ್ಕದ ಮೇಜಿನಿಂದ ಎದ್ದು ಬಂದು, ಹುಡುಗಿಯ ತೋಳು ನೋಡಿ, ನನ್ನ ಮುಖ ನೋಡಿ, “ಇವಳದೂ ತಗೊಳ್ಳಿ” ಅಂದರು. ಸಿಂಚನ ಬರೆಯಿದ್ದ ಕೈಯನ್ನೇ ಚಾಚಿದಳು. “ಇನ್ನೊಂದು ಕೈ ಕೊಡಮ್ಮ” ಅಂದೆ.

ಹೊರಡುವಾಗ ರತ್ನಮ್ಮ ಒಂದು ಚೀಲ ತುಂಬ ಅವರೆಕಾಯಿ ತಂದು ಜೀಪಿನಲ್ಲಿಟ್ಟಳು. ಸೊನೆ ಘಮಘಮ ಅನ್ನುತ್ತಿತ್ತು. ಹೊಳೆನರಸೀಪುರದ ಸೇತುವೆ ದಾಟಿದ ಮೇಲೆ ಡಾಕ್ಟರ್ ಶಾಲಿನಿ ನನ್ನ ಕಡೆ ತಿರುಗಿದರು. ಕೇಳಿದರು: “ಅದು ನಿಮ್ಮ ಗೆರೆನಾ?” “ಹೌದು ಮೇಡಂ.” “ಅವರಿಗೆ ಹೇಳಿದ್ರಾ?” “ಇಲ್ಲ.” “ಅವರೆಕಾಯಿ ತಗೊಂಡ್ರಾ?” “ತಗೊಂಡೆ.” ಅಷ್ಟೇ ಕೇಳಿದ್ದು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ಅವರೆಕಾಯಿಯನ್ನು ನಾನು ಸುಲಿಯಲಿಲ್ಲ, ಪಕ್ಕದ ಮನೆಗೆ ಕೊಟ್ಟೆ. ಅವರು ಸಾರು ಮಾಡಿ ಒಂದು ಬಟ್ಟಲು ನನಗೇ ತಂದುಕೊಟ್ಟರು.

ಸಿಂಚನಳ ರಕ್ತದಲ್ಲಿ ಎಲ್ಲವೂ ಸರಿಯಿತ್ತು. ಎ.ಎಲ್.ಪಿ. ಆಗಲೇ ಇಳಿಯತೊಡಗಿತ್ತು, ಬೆಳೆಯುವ ಭರ ಮುಗಿಯುತ್ತ ಬಂದಿತ್ತು. ಕಾಯಿಲೆಯಾಗಿತ್ತು ಅಂತ ಬರೆದ ಹುಡುಗಿಯನ್ನು ಸೇರಿಸುವುದು ಹೇಗೆ ಅಂತ ನಾನು ಕೇಳಿದೆ. “ಆ ಕಾಯಿಲೆ ನಮ್ಮದು, ಅವಳದಲ್ಲ” ಅಂದರು ಡಾಕ್ಟರು. ಪಿ.ಟಿ. ಮೇಷ್ಟ್ರಿಗೆ ಒಂದು ಪತ್ರ ಬರೆದು ರುಜು ಹಾಕಿಕೊಟ್ಟರು. ಆಮೇಲೆ, “ರಿಪೋರ್ಟು ತಗೊಳ್ಳೋಕೆ ತಾಯಿ ಬಂದಾಗ ನೀವೇ ಹೇಳಬೇಕು ಪದ್ಮಮ್ಮ. ನಿಮ್ಮ ಕೈಲಿ ಆಗದಿದ್ರೆ ನಾನು ಹೇಳ್ತೀನಿ. ಆದ್ರೆ ನೀವು ಹೇಳಿದ್ರೆ ಒಳ್ಳೇದು” ಅಂದರು.

ರತ್ನಮ್ಮ ಬಂದ ದಿನ ಡಾಕ್ಟರು ಅರಕಲಗೂಡಿಗೆ ಹೋಗಿದ್ದರು. ಅವಳನ್ನು ಕಿಟಕಿಯಲ್ಲಿ ನಿಲ್ಲಿಸದೆ ಒಳಗೆ ಕರೆದು ಕೂರಿಸಿದೆ. ಪತ್ರ ಕೊಟ್ಟೆ, ರಿಪೋರ್ಟು ಕೊಟ್ಟೆ. ಅವಳಿಗೆ ಹೆಸರು ಬರೆಯುವಷ್ಟು ಬಿಟ್ಟರೆ ಓದು ಬಾರದು. ರಿಪೋರ್ಟನ್ನು ಹಿಂದೆ ಮುಂದೆ ತಿರುವಿದಳು.

“ಗೆರೆ ಎಲ್ಲಿ ಮೇಡಮ್ಮೋರೆ?”

“ಗೆರೆ ಇಲ್ಲ ಅಂದ್ರೆ ಚೆನ್ನಾಗಿದ್ದಾಳೆ ಅಂತ ರತ್ನಮ್ಮ.”

“ಅಂಗಂದ್ರೆ ಊರ್ನಾಗೆ ಯಾರು ನಂಬ್ತಾರೆ? ಬರೀ ಕಾಗ್ದ ತಂದವಳೆ ಅಂತಾರೆ. ಚೆನ್ನಾಗವಳೆ ಅನ್ನಕ್ಕೂ ಒಂದು ಗೆರೆ ಆಕ್ಕೊಡಿ. ನಿಮ್ ಗೆರೆ ಅಂದ್ರೆ ನಮ್ಮತ್ತೆಗೂ ನಂಬ್ಕೆ.”

ಸರಿಯಿದೆ ಅನ್ನುವುದಕ್ಕೆ ನನ್ನ ಹತ್ತಿರ ಗೆರೆಯೇ ಇರಲಿಲ್ಲ. ಅಷ್ಟು ವರ್ಷ ಕೆಲಸ ಮಾಡಿ, ಕೆಟ್ಟದ್ದಕ್ಕೆ ಮಾತ್ರ ಒಂದು ಗುರುತು ಇಟ್ಟುಕೊಂಡಿದ್ದೆ. ರಿಪೋರ್ಟನ್ನು ತಿರುಗಿಸಿ ಹಿಂಬದಿಯಲ್ಲಿ ಕನ್ನಡದಲ್ಲಿ, ದಪ್ಪಗೆ, ‘ಸಿಂಚನ ಆರೋಗ್ಯವಾಗಿದ್ದಾಳೆ’ ಅಂತ ಬರೆದೆ. ಕೈ ನಿಲ್ಲಲಿಲ್ಲ. ಅದರ ಕೆಳಗೆ ‘ಅವತ್ತೂ ಆರೋಗ್ಯವಾಗಿಯೇ ಇದ್ದಳು, ಗೆರೆ ತಪ್ಪಾಗಿತ್ತು’ ಅಂತ ಬರೆದು ರುಜು ಹಾಕಿದೆ. ಬಾಯಲ್ಲಿ ಹೇಳಲಾರದ್ದನ್ನು ಕೈಯಲ್ಲಿ ಬರೆದು ತಪ್ಪಿಸಿಕೊಳ್ಳಲು ನೋಡಿದೆ ಅಂತ ಈಗ ಅನ್ನಿಸುತ್ತದೆ. ಆದರೆ ಅವಳು ಬಿಡಬೇಕಲ್ಲ. “ಏನ್ ಬರದ್ರಿ, ಓದಿ ಏಳಿ” ಅಂದಳು.

ಓದಿದೆ. ಮೊದಲನೆಯ ಸಾಲಿಗೆ ಮುಖ ಅರಳಿತು. ಎರಡನೆಯದಕ್ಕೆ, “ಅವತ್ತೂ ಅಂದ್ರೆ?” ಅಂದಳು.

“ಅವತ್ತು ಅವಳಿಗೆ ಏನೂ ಆಗಿರ್ಲಿಲ್ಲ ಕಣವ್ವ. ಮಗು ಬೆಳೀತಿತ್ತು ಅಷ್ಟೆ. ಬೆಳೆಯೋ ಮಕ್ಕಳಿಗೆಲ್ಲ ಅದು ಜಾಸ್ತಿನೇ ಇರುತ್ತೆ. ನನಗೆ ಗೊತ್ತಿರ್ಲಿಲ್ಲ. ದೊಡ್ಡವರ ಅಳತೆ ಹಾಕಿ ನೋಡಿಬಿಟ್ಟೆ. ತಪ್ಪಾಯ್ತು.”

ಅವಳು ಬೈಯುತ್ತಾಳೆ ಅಂದುಕೊಂಡೆ. ಬೈಯಲಿ ಅಂತ ಕಾದೆ. ಅವಳು ನನ್ನನ್ನು ನೋಡಲೇ ಇಲ್ಲ. ತನ್ನ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಳು.

“ಬ್ಯಾಡ ಕಣವ್ವ ಬ್ಯಾಡ ಕಣವ್ವ ಅಂತಿತ್ತು. ನಾನೇ ಇಡ್ಕಂಡಿದ್ದು” ಅಂದಳು.

ನೀರು ಕೊಟ್ಟೆ, ಕುಡಿಯಲಿಲ್ಲ. ರಿಪೋರ್ಟನ್ನು ನನ್ನ ಕಡೆ ತಳ್ಳಿದಳು.

“ಆ ಎಲ್ಡನೇದು ಒಡ್ದಾಕಿ ಮೇಡಮ್ಮೋರೆ. ನಂಗೆ ಓದಕ್ಕೆ ಬರಕ್ಕಿಲ್ಲ. ಅವಳಿಗೆ ಬತ್ತದೆ.”

ಹೊಡೆದು ಹಾಕಬಾರದು ಅಂತ ಗೊತ್ತಿತ್ತು. ಆ ಹುಡುಗಿಯ ತೋಳು, ಆ ಹುಡುಗಿಗೆ ಗೊತ್ತಾಗಬೇಕಾದ ಮಾತು. ಆದರೆ ಎದುರಿಗೆ ಕೂತಿದ್ದವಳ ಮುಖ ನೋಡಿ ಇಲ್ಲ ಅನ್ನಲು ನನಗೆ ಯಾವ ಬಾಯಿ? ಮೇಜಿನ ಮೇಲಿದ್ದ ಪೆನ್ನಿಗೆ ಕೈ ಹಾಕಿದೆ, ಸಿಕ್ಕಿದ್ದು ಕೆಂಪು. ಆ ಸಾಲಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದೆ. ಗೆರೆ ಎಳೆಯುವಾಗ ನನ್ನ ಎದೆ ಹಗುರವಾಯಿತು. ನನ್ನ ತಪ್ಪನ್ನು ಇನ್ನು ಯಾರೂ ಓದುವುದಿಲ್ಲ ಅಂತ ಹಗುರ. ಬರೆ ಹಾಕಿಸಿದ್ದಕ್ಕಿಂತಲೂ ಆ ಹಗುರಕ್ಕೆ ನನಗೆ ಇವತ್ತಿಗೂ ಹೆಚ್ಚು ನಾಚಿಕೆ. ಅವಳು ರಿಪೋರ್ಟನ್ನು ಮಡಿಚಿ ಸೆರಗಿನಲ್ಲಿ ಸುತ್ತಿಕೊಂಡು, “ಬತ್ತೀನಿ” ಅಂತ ಹೋದಳು. ಅದೇ ಕೊನೆ, ಮತ್ತೆ ನಾನು ಕೆಂಪು ಪೆನ್ನು ಮುಟ್ಟಲಿಲ್ಲ.

ನಮ್ಮ ಮಿತಿಗಳು ಸಿದ್ಧವಾದವು. ಈಗ ಆ ಲ್ಯಾಬಿನ ರಿಪೋರ್ಟಿನಲ್ಲಿ ಮಗುವಿನ ವಯಸ್ಸು ಹಾಕಿದರೆ ಆ ವಯಸ್ಸಿನ ಅಂಕಿಯೇ ಪಕ್ಕದಲ್ಲಿ ಬರುತ್ತದೆ, ಬೆಳೆಯುವ ಮಗುವಿನ ಮೇಲೆ ಎಚ್ ಬೀಳುವುದಿಲ್ಲ. ಹೊಸಬರು ಅದನ್ನು ನೋಡಿ “ಇದು ಮೊದಲಿಂದ ಹೀಗೇ ಅಲ್ವಾ?” ಅನ್ನುತ್ತಾರೆ. ನಿಮ್ಮ ಕೈಗೆ ಬರುವ ಟ್ಯೂಬಿನ ಹಿಂದೆ ಒಂದು ಮುಖ ಇರುತ್ತದೆ, ಆ ಮುಖದ ಪಕ್ಕದಲ್ಲಿ ನಿಂತು ಯಾರೋ ಲಂಗದ ಸುದ್ದಿ ಹೇಳುತ್ತಿರುತ್ತಾರೆ, ಕೇಳಿಸಿಕೊಳ್ಳಿ. ನಾನು ಕಲಿಸಬಲ್ಲದ್ದು ಅಷ್ಟೇ.

ಮುಂದಿನ ವರ್ಷ ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆ ಹಾಸನಕ್ಕೆ ಬಂದಿದ್ದ ಸಿಂಚನ, ಮಧ್ಯೆ ಬಿಡುವು ಮಾಡಿಕೊಂಡು ಲ್ಯಾಬಿನ ಬಾಗಿಲಲ್ಲಿ ನಿಂತಳು. ಮೊಣಕಾಲಿಗೆಲ್ಲ ಕೆಂಪು ಮಣ್ಣು. “ಗೆದ್ಯೇನೇ?” ಅಂದೆ. “ಇಲ್ಲ ಮೇಡಂ, ನಾಕನೇದು” ಅಂತ ನಕ್ಕಳು. ಬಿಸ್ಕತ್ತು ಕೊಟ್ಟೆ, ತಿಂದಳು. ಹೋಗಲು ತಿರುಗಿದವಳು ನಿಂತುಕೊಂಡು, ಬರೆಯಿದ್ದ ತೋಳನ್ನು ಇನ್ನೊಂದು ಕೈಯಿಂದ ಸವರುತ್ತ ಸಣ್ಣ ದನಿಯಲ್ಲಿ ಹೇಳಿದಳು:

“ಮೇಡಂ, ಆ ಗೆರೆ ಎಳೆದಿದ್ರಲ್ಲ, ಅದರ ಕೆಳಗಿದ್ದುದ್ನ ಓದ್ಬುಟ್ಟೆ. ಕಾಣ್ತಿತ್ತು.” ನಾನು ಬಿಸ್ಕತ್ತಿನ ಪೊಟ್ಟಣ ಕೆಳಗಿಟ್ಟೆ. “ನಾನು ಓದಿವ್ನಿ ಅಂತ ಅವ್ವಂಗೆ ಮಾತ್ರ ಏಳ್ಬ್ಯಾಡಿ ಮೇಡಂ.”